ಬೆಟ್ಟದ ನೆತ್ತಿಯ ಕೇರಿ

ಇಂಥ ಕಥೆಯನ್ನು ಯಾರಾದರೂ ಹೇಳಿದರೆ, ಆ ದಿನ ನಿಮಗೆ ಜ್ವರವಿತ್ತೇ ಎಂದು ಕೇಳುತ್ತಿದ್ದವಳು ನಾನು. ಈಗ ನಾನೇ ಹೇಳಹೊರಟಿದ್ದೇನೆ. ನನಗೆ ಜ್ವರವಿರಲಿಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಕೆಲವು ವರ್ಷಗಳ ಹಿಂದೆ ಜಪಾನಿನ ನೋಮಿಯಲ್ಲಿ ಸಂಶೋಧನೆ ಮಾಡುತ್ತಿದ್ದೆ. ಉಪಗ್ರಹದ ಅಳತೆಗಳನ್ನು ಹಿಡಿದು ಬೆಟ್ಟ ಕಣಿವೆಗಳ ಮಾದರಿ ಮಾಡುವುದು ನಮ್ಮ ಲ್ಯಾಬಿನ ಕೆಲಸ. ಗ್ರೀಸಿನ ಒಂದು ಸಣ್ಣ ಹಳ್ಳಿಯವರು ತಮ್ಮೂರಿನ ಮಾದರಿ ಬೇಕೆಂದು ಕೇಳಿದ್ದರು. ಊರಿನ ಹೆಸರು ಬೇಡ. ಎರಡು ಕೊರಕಲುಗಳ ನಡುವೆ, ಬೆಟ್ಟದ ಹೆಗಲ ಮೇಲೆ ಕೂತ ಊರು. ಕೆಳಗೆ ಆಲಿವ್ ತೋಟಗಳು, ಅದರಾಚೆ ಸಮುದ್ರ. ಬೆಟ್ಟದ ನೆತ್ತಿಯಲ್ಲಿ ಹಿಂದೆ ಕುರಿಗಾಹಿಗಳ ಕೇರಿಯಿತ್ತು. ಬುಗ್ಗೆ ಬತ್ತಿದ್ದರಿಂದ ಅವರೆಲ್ಲ ಕೆಳಗಿಳಿದು ಬಂದರೆಂದು ಊರಿನ ಇತಿಹಾಸದಲ್ಲಿತ್ತು. ಮಾದರಿಯ ಫಲಕಕ್ಕೆ ನಾನೂ ಅದನ್ನೇ ಬರೆದುಕೊಟ್ಟೆ.

ಕೆತ್ತನೆಯ ಯಂತ್ರ ನೋಡಿಕೊಳ್ಳುತ್ತಿದ್ದವರು ಮೊರಿತಾ ಸಾನ್. ಅವರು ಮರದಲ್ಲಿ ಊರನ್ನು ಕೆತ್ತಿ ಮೇಜಿನ ಮೇಲಿಟ್ಟು ಹೋಗಿದ್ದರು. ಹೊರಗೆ ಹಿಮ ಸುರಿಯುತ್ತಿದ್ದ ಮಧ್ಯಾಹ್ನ. ಬಟ್ಟೆ ಹಿಡಿದು ಮರದ ಹೊಟ್ಟು ಒರೆಸುತ್ತಿದ್ದ ನನ್ನ ಬೆರಳು ನೆತ್ತಿಯ ಖಾಲಿ ಇಳಿಜಾರಿಗೆ ತಗುಲಿತು. ಕಾದ ಹೆಂಚಿನ ಅಂಚು ಮುಟ್ಟಿದಂತೆ ಕೈ ತಾನಾಗಿ ಹಿಂದೆ ಬಂತು. ಮತ್ತೆ ಮುಟ್ಟಿದೆ. ಸುಡುತ್ತಿತ್ತು. ಬೆರಳಗಲ ಪಕ್ಕಕ್ಕೆ ಸರಿದರೆ ಮರ ತಣ್ಣಗಿತ್ತು.

ಮನೆಗೆ ಬಂದು ಗಂಡನಿಗೆ ಹೇಳಿದೆ.

"ಹೀಟರ್ ಪಕ್ಕ ಇಟ್ಟಿರ್ತೀಯ ಕಣೆ," ಅಂದ ಗಿರೀಶ್.

"ಇಲ್ಲ ಕಣೋ, ಹೀಟರ್ ಆ ಕಡೆ ಗೋಡೆ ಹತ್ರ ಇದೆ."

"ಹಾಗಾದ್ರೆ ಸ್ಟ್ರೆಸ್. ವೀಕೆಂಡ್ ಸ್ವಲ್ಪ ರೆಸ್ಟ್ ಮಾಡು."

ಹಾಗೇ ಇರಬೇಕೆಂದು ನಾನೂ ಒಪ್ಪಿಕೊಂಡೆ.

ಮರುದಿನ ಮೊರಿತಾ ಸಾನ್‌ಗೆ ಏನೂ ಹೇಳಲಿಲ್ಲ. ಅವರು ಎಲ್ಲಾದರೂ ಸಿಬಿರು ಎದ್ದಿದೆಯೇ ಎಂದು ಸಮುದ್ರದ ಕಡೆಯಿಂದ ಮೇಲಕ್ಕೆ ಅಂಗೈ ಸವರಿಕೊಂಡು ಬಂದರು. ನೆತ್ತಿ ತಲುಪುತ್ತಿದ್ದಂತೆ ಕೈ ಕಿತ್ತುಕೊಂಡರು. ಬೆರಳು ನೋಡಿಕೊಂಡು, ಮಾದರಿಯ ಕಡೆ ತಲೆಬಾಗಿಸಿ "ಸುಮಿಮಾಸೆನ್" ಅಂದರು, ಯಾರದೋ ಗಾಯ ಮುಟ್ಟಿಬಿಟ್ಟು ಕ್ಷಮೆ ಕೇಳುವವರ ಹಾಗೆ. ಆಮೇಲೆ ಮೆಲ್ಲಗೆ ನನ್ನನ್ನು ಕೇಳಿದರು: "ನಿಮಗೂ ಆಯಿತೇ?"

ಹೌದೆಂದು ಹೇಳಿ ಕುರ್ಚಿ ಎಳೆದುಕೊಂಡು ಕುಳಿತೆ. ಒಬ್ಬಳ ಭ್ರಮೆಯಾಗಿದ್ದರೆ ಸಹಿಸಬಹುದಿತ್ತು. ಅವರು ಥರ್ಮಾಮೀಟರ್ ತಂದು ಅಲ್ಲಿಟ್ಟರು. ಅದು ಕೋಣೆಯ ತಾಪವನ್ನಷ್ಟೇ ತೋರಿಸಿತು. ಮುಟ್ಟಿದರೆ ಸುಡುತ್ತಲೇ ಇತ್ತು.

ಹಳ್ಳಿಯ ಕಡೆಯಿಂದ ನಮ್ಮೊಡನೆ ಮಾತಾಡುತ್ತಿದ್ದವನು ನಿಕೋಸ್ ಎಂಬ ಶಾಲಾ ಶಿಕ್ಷಕ. ವೀಡಿಯೊ ಕಾಲ್‌ನಲ್ಲಿ ಅವನಿಗೆ ಬಿಸಿಯ ಮಾತು ಹೇಳದೆ, ನೆತ್ತಿಯ ಕೇರಿಯಲ್ಲಿ ಬೇರೇನಾದರೂ ನಡೆದಿತ್ತೇ ಎಂದಷ್ಟೇ ಕೇಳಿದೆ.

"ಏನಿಲ್ಲ. ನೀರು ಹೋಯಿತು, ಜನ ಇಳಿದು ಬಂದರು," ಅಂದ.

ಹಿಂದೆ ಕುಳಿತಿದ್ದ ಅವನ ಅಜ್ಜಿ, ತೊಂಬತ್ತು ದಾಟಿದವರು, ಏನು ಮಾತೆಂದು ವಿಚಾರಿಸಿದರು. ಅವನು ಹೇಳಿದ. ಅಜ್ಜಿ ಒಂದೇ ಮಾತು ಆಡಿದರು. ನಿಕೋಸನ ಮುಖ ಬಿಳಿಚಿಕೊಂಡಿತು. ಅವನು ಏನೋ ಕೇಳಿದ. ಅಜ್ಜಿ ಬಹಳ ಹೊತ್ತು ಹೇಳಿದರು.

"ಸುಟ್ಟರಂತೆ," ಅಂದ ಕೊನೆಗೆ. "ಯುದ್ಧದ ಕಾಲದಲ್ಲಿ. ಅಜ್ಜಿಯ ತಾಯಿ, ಕೈಗೂಸು ತಮ್ಮ, ಇಬ್ಬರೂ ಮನೆಯೊಳಗಿದ್ದರಂತೆ. ಬೆಂಕಿಯಿಟ್ಟವರಲ್ಲಿ ಕೆಳಗಿನ ಕೇರಿಯವರೂ ಇದ್ದರಂತೆ. ಉಳಿದವರು ಆಮೇಲೆ ಅವರ ನಡುವೆಯೇ ಬದುಕಬೇಕಾಗಿತ್ತಲ್ಲ, ಅದಕ್ಕೇ ನೀರಿನ ಕಥೆ. ನನ್ನಪ್ಪನಿಗೂ ಇದು ಗೊತ್ತಿರಲಿಲ್ಲ." ಮತ್ತೆ ಪರದೆಯತ್ತ ತಿರುಗಿ, "ಇದನ್ನು ಯಾಕೆ ಕೇಳಿದಿರಿ?" ಅಂದ.

ಇದ್ದದ್ದನ್ನು ಹೇಳಿದೆ. ಅವನು ನಗಲಿಲ್ಲ. ಅಜ್ಜಿಗೆ ತಿಳಿಸಿದ. ಫಲಕದಲ್ಲಿ ಬುಗ್ಗೆಯ ಮಾತು ಬೇಡವೆಂದು ಅಜ್ಜಿ ಹೇಳಿದರು. ಆ ಸಾಲು ತೆಗೆದೆ. ಅಲ್ಲಿ ಏನು ಬರೆಯಬೇಕೆಂದು ಊರೇ ತೀರ್ಮಾನಿಸಲಿ ಎಂದು ಜಾಗ ಬಿಟ್ಟೆ.

ಪೆಟ್ಟಿಗೆಗೆ ತುಂಬುವಾಗಲೂ ಮರ ಸುಡುತ್ತಿತ್ತು. ಮೊರಿತಾ ಸಾನ್ ಕೈಗವಸು ಹಾಕಿಕೊಂಡು, ಬೇರೆ ಯಾರನ್ನೂ ಹತ್ತಿರ ಬಿಡದೆ ತಾವೇ ತುಂಬಿದರು.

ವಸಂತದಲ್ಲಿ ಮಾದರಿ ಹಳ್ಳಿ ತಲುಪಿತು. ನಿಕೋಸ್ ಕಾಲ್ ಮಾಡಿ ನನ್ನನ್ನೂ ಮೊರಿತಾ ಸಾನ್ ಅವರನ್ನೂ ಪರದೆಯ ಮುಂದೆ ಕೂರಿಸಿಕೊಂಡ. ಮೊದಲು ತಾನು ಮುಟ್ಟಿ ನೋಡಿ, ಏನೂ ಇಲ್ಲವೆಂದು ತಲೆಯಾಡಿಸಿದ. ಆಮೇಲೆ ಅಜ್ಜಿಯನ್ನು ಕರೆತಂದ. ಅವರು ತಡವರಿಸದೆ ನೇರ ನೆತ್ತಿಯ ಮೇಲೆ ಪೂರ್ತಿ ಅಂಗೈ ಇಟ್ಟರು. ಅವರು ಕೈ ತೆಗೆಯಲಿಲ್ಲ. ಬಿಸಿಯಿದೆಯೇ ಎಂದು ನಿಕೋಸ್ ಕೇಳಿರಬೇಕು. ಅಜ್ಜಿ ಮರದ ಕಡೆಗೆ ಬಾಗಿ ಏನೋ ಹೇಳತೊಡಗಿದರು, ನಿಧಾನವಾಗಿ, ನಡುನಡುವೆ ಉತ್ತರಕ್ಕೆ ಕಾಯುತ್ತಿರುವಂತೆ ನಿಲ್ಲಿಸುತ್ತ.

"ಏನು ಹೇಳ್ತಿದ್ದಾರೆ?" ಎಂದು ಕೇಳಿದೆ.

ನಿಕೋಸ್ ಅಜ್ಜಿಯನ್ನೇ ನೋಡುತ್ತಿದ್ದ. "ಗೊತ್ತಿಲ್ಲ," ಅಂದ. "ಇದು ಗ್ರೀಕ್ ಅಲ್ಲ. ಮೇಲಿನ ಕೇರಿಯ ಕುರಿಗಾಹಿಗಳ ಮಾತಿರಬೇಕು. ಅವರಿಗೆ ಅದು ಬರುತ್ತದೆ ಅನ್ನುವುದೇ ನಮಗೆ ಗೊತ್ತಿರಲಿಲ್ಲ. ಈಗ ಅದನ್ನು ತಿಳಿದವರು ಊರಲ್ಲಿ ಬೇರೆ ಯಾರೂ ಇಲ್ಲ."