ಕಿಲ್ಟ್ ಉಟ್ಟು ತಂಗಿಯ ಮದುವೆಗೆ

ಪಲ್ಟನ್ನಿನ ಸ್ಟೋರಿನವನು ಚೌಕಳಿ ಉಣ್ಣೆಯ ಒಂದು ಲಂಗ ನನ್ನ ಕೈಗಿಟ್ಟು, ಉಟ್ಟುಕೊಂಡು ಮೈದಾನಕ್ಕೆ ಬಾ ಅಂದ. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಅವನ ಮುಖದಲ್ಲಿ ನಗು ಇರಲಿಲ್ಲ.

ನಾನು ಬಸವಕಲ್ಯಾಣ ತಾಲೂಕಿನ ಮುಡಬಿಯವನು. ನಮ್ಮ ಮನೆತನದಲ್ಲಿ ಡಿಗ್ರಿ ಮುಖ ಕಂಡ ಮೊದಲನೆಯವನು. ಹಗಲು ಪಕ್ಕದ ಊರುಗಳ ಹೊಲದಲ್ಲಿ ತೊಗರಿ ಕೊಯ್ದು, ಸಂಜೆ ಓದಿ ಬಿ.ಎ. ಪಾಸಾದವನು, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಫೌಜಿಗೆ ಸೇರಿ ತರಬೇತಿ ಮುಗಿಸಿದೆ. ದಮ್ಮು ಗಟ್ಟಿಯಿದೆ ಅಂತ ನನ್ನನ್ನು ಪಲ್ಟನ್ನಿನ ಪೈಪ್ ಬ್ಯಾಂಡಿಗೆ ಹಾಕಿದರು. ಊರು ಉತ್ತರದ ಕುಮಾವೂಂ ಗುಡ್ಡಗಳ ನಡುವಿನ ಒಂದು ಛಾವಣಿ, ಅಂದರೆ ದಂಡು ಬೀಡುಬಿಟ್ಟ ಜಾಗ. ಹೆಸರು ಬರೆಯುವ ಹಾಗಿಲ್ಲ.

ಆ ಲಂಗಕ್ಕೆ ಕಿಲ್ಟ್ ಅನ್ನುತ್ತಾರೆ. ನಾನು ನಿರಿಗೆಗಳನ್ನು ಮುಂದೆ ಮಾಡಿ ಉಟ್ಟೆ. ಅವ್ವನ ಸೀರೆಯದೂ ಅಪ್ಪನ ಧೋತರದ್ದೂ ನಿರಿಗೆ ಮುಂದೇ ಇರುತ್ತದಲ್ಲ! ಮೈದಾನಕ್ಕೆ ಕಾಲಿಟ್ಟಿದ್ದೇ ತಡ, ಇಡೀ ಬ್ಯಾಂಡು ಬಿದ್ದು ಬಿದ್ದು ನಕ್ಕಿತು. ನಮ್ಮ ಉಸ್ತಾದರು, ಅಂದರೆ ಪೈಪ್ ಕಲಿಸುವ ಹಿರಿಯ ಹವಾಲ್ದಾರರು, ಬಂದು ನನ್ನ ಸೊಂಟ ಹಿಡಿದು ಬಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದರು. ನಿರಿಗೆ ಹಿಂದೆ, ಮುಂದೆ ಸಪಾಟು. ಇಂಗ್ಲಿಷರ ಕಾಲದಲ್ಲಿ ಸ್ಕಾಟ್ಲೆಂಡಿನವರು ತಂದ ಉಡುಪಂತೆ. ಆ ದೇಶದಲ್ಲಿ ಮದುಮಗ, ಹೆಣ್ಣಿನ ಅಪ್ಪ, ಅಣ್ಣತಮ್ಮಂದಿರು ಮದುವೆಗೆ ಇದನ್ನೇ ಉಟ್ಟು ಮೆರೆಯುತ್ತಾರಂತೆ.

ಭಾನುವಾರ ಫೋನಿನಲ್ಲಿ ಇದನ್ನೆಲ್ಲ ತಂಗಿ ಸುಜಾತಾಗೆ ಹೇಳಿದೆ. ಹುಮನಾಬಾದಿನ ಹುಡುಗನ ಜೊತೆ ಅವಳ ಮದುವೆ ನಿಶ್ಚಯವಾಗಿತ್ತು. ಅವಳು ಅಲ್ಲಿಯೇ ತೀರ್ಮಾನ ಮಾಡಿಬಿಟ್ಟಳು: ಅಣ್ಣ ತನ್ನ ಮದುವೆಗೆ ಕಿಲ್ಟ್ ಉಟ್ಟು ಬರಬೇಕು, ಪೈಪ್ ಊದಬೇಕು.

ಊದುವುದೇನು ಸುಲಭವೇ? ಕಂಕುಳಲ್ಲಿ ಒಂದು ಚೀಲ, ಹೆಗಲ ಮೇಲೆ ಮೂರು ಕೊಳವೆ, ಕೈಯಲ್ಲಿ ಒಂದು ಕೊಳಲು. ಬಾಯಿಂದ ಗಾಳಿ ತುಂಬಬೇಕು, ಮೊಳಕೈಯಿಂದ ಒತ್ತಬೇಕು, ಬೆರಳಿನಿಂದ ರಾಗ ತೆಗೆಯಬೇಕು. ಮೊದಮೊದಲು ನನ್ನ ಪೈಪು ಈಯುವ ಎಮ್ಮೆಯ ಹಾಗೆ ಒದರುತ್ತಿತ್ತು. ಬ್ಯಾರಕ್ಕಿನವರು ನನ್ನನ್ನು ದೇವದಾರು ಮರಗಳ ಕೆಳಗೆ ಅಟ್ಟಿದರು. ಚಳಿಗೆ ಬೆರಳು ಮರಗಟ್ಟುತ್ತಿದ್ದವು. ನಮ್ಮ ಕಡೆ ಚಳಿ ಅಂದರೆ ಕಂಬಳಿ ಹೊದ್ದರೆ ಮುಗಿಯಿತು. ಇಲ್ಲಿ ಬುಖಾರಿ ಅನ್ನುವ ತಗಡಿನ ಒಲೆ ಕೋಣೆಯೊಳಗೇ ಉರಿಯಬೇಕು. ಒಂದು ಬೆಳಿಗ್ಗೆ ಸ್ವರ ನೆಟ್ಟಗೆ ಹೊರಟಿತು ನೋಡ್ರಿ, ಎದೆ, ಪಕ್ಕೆಲುಬು, ಹಲ್ಲು ಎಲ್ಲ ಝುಂ ಅಂದವು. ಎದುರಿನ ಗುಡ್ಡ ಅದನ್ನು ತಿರುಗಿ ಕಳಿಸಿತು. ಬಿ.ಎ. ರಿಸಲ್ಟ್ ಬಂದ ದಿನವೂ ನಾನು ಅಷ್ಟು ಕುಣಿದಿರಲಿಲ್ಲ.

ಅನ್ನನೀರಿಗೂ ಹೊಂದಿಕೊಂಡೆ. ಜೋಳ ಸಿಗುವುದಿಲ್ಲ. ಮಡುವಾ ರೊಟ್ಟಿ ಅಂದರೆ ರಾಗಿ ರೊಟ್ಟಿ, ಗಹತ್ ಅಂದರೆ ಹುರುಳಿ. ಹಿರಿಯರ ಹೆಸರಿಗೆ ‘ದಾ’ ಸೇರಿಸಿದರೆ ನಮ್ಮ ‘ಅಣ್ಣಾ’ ಅಂದ ಹಾಗೆ. ಇಷ್ಟು ಕಲಿತ ಮೇಲೆ ಬಜಾರದ ಚಹಾ ಅಂಗಡಿಯವನು ಕರೆದು ಕೂಡಿಸಿಕೊಳ್ಳತೊಡಗಿದ.

ಉಸ್ತಾದರು ತಮ್ಮ ಹಳ್ಳಿಯ ಮದುವೆಗೆ ನಮ್ಮನ್ನು ಕರೆದುಕೊಂಡು ಹೋದರು. ಅಲ್ಲಿ ಛೋಲಿಯಾ ಅನ್ನುವ ಕತ್ತಿ ಕುಣಿತ. ಮೀಸೆ ಹೊತ್ತ ಗಂಡಸರು ಲಂಗದ ಹಾಗೆ ಅಗಲ ಘೇರಿನ ಅಂಗಿ ತೊಟ್ಟು ಗಿರಗಿರ ತಿರುಗುತ್ತಿದ್ದರೆ ಯಾರೂ ನಗುವುದಿಲ್ಲ! ಅವರ ಹಿಂದೆ ಹರೀಶ್ ದಾ ಅನ್ನುವವರು ನಮ್ಮದೇ ಪೈಪ್ ಊದುತ್ತಿದ್ದರು. ಇಲ್ಲಿ ಅದಕ್ಕೆ ಮಶಕಬೀನ್ ಅನ್ನುತ್ತಾರೆ. ಹಿಂದೆ ಫೌಜಿನವರು ಊರಿಗೆ ತಂದದ್ದು, ಮದುವೆಯಲ್ಲಿ ಉಳಿದುಬಿಟ್ಟಿದೆ.

ಊಟದ ಹೊತ್ತಿಗೆ ನಮಗೆ ಅಂಗಳದಲ್ಲಿ ಕುರ್ಚಿ ಹಾಕಿದರು. ಹರೀಶ್ ದಾ ಮತ್ತು ಡೋಲಿನವರು ಕೆಳಗಿನ ಹೊಲದ ಬದುವಿನ ಮೇಲೆ ಬೇರೆ ಕೂತರು. ಯಾಕೆ ಅಂತ ನಾನು ಕೇಳಲಿಲ್ಲ. ನಮ್ಮ ಮುತ್ಯಾ, ಅಪ್ಪನ ಅಪ್ಪ, ಮುಡಬಿಯಲ್ಲಿ ಎಲ್ಲರ ಬಾಗಿಲಿಗೆ ಹಲಗಿ ಬಾರಿಸಿ, ಹೀಗೇ ಹೊರಗೆ ಕೂತು ಉಂಡವನು. ನನ್ನ ತಾಟು ಎತ್ತಿಕೊಂಡು ಕೆಳಗೆ ಹೋಗಿ ಕೂತೆ. ಹರೀಶ್ ದಾ ಸರಿದು ಜಾಗ ಕೊಟ್ಟು, ಸ್ವರ ಹೊರಡಿಸಲು ನಿನ್ನ ಪೈಪಿಗೆ ಯಾವ ಪೀಪಿ ಹಾಕುತ್ತೀ ಅಂತ ಕೇಳಿದರು. ಬೇರೆ ಮಾತೇ ಇಲ್ಲ.

ಈಗ ಅಪ್ಪನ ಮಾತು ಹೇಳಬೇಕು. ನಾವು ಬೌದ್ಧರಾದ ಮೇಲೆ ಅಪ್ಪ ಹಲಗಿ ಮುಟ್ಟಲಿಲ್ಲ. ಊರವರು ಬೈದರು, ಕೂಲಿಗೆ ಕರೆಯುವುದು ಬಿಟ್ಟರು. ಅಪ್ಪ ಹೈವೇ ಮೇಲಿನ ಟೈರ್ ಅಂಗಡಿಯಲ್ಲಿ ಲಾರಿ ಗಾಲಿ ಬಿಚ್ಚಿ ನನ್ನನ್ನು ಓದಿಸಿದ. ನಾನು ಬ್ಯಾಂಡಿನಲ್ಲಿ ಇದ್ದೇನೆ ಅಂತ ತಿಳಿದಾಗ ಫೋನಿನಲ್ಲಿ ಒಂದೇ ಮಾತು:

“ಬಿ.ಎ. ಮಾಡ್ಸಿದ್ದು ಬಾಜಾ ಬಾರ್ಸಾಕೇನೋ?”

ನಾವು ಸಿಪಾಯಿಗಳೇ, ಯುದ್ಧದಲ್ಲಿ ಗಾಯಾಳುಗಳನ್ನು ಹೊರುವವರೂ ನಾವೇ ಅಂತ ಹೇಳಿ ನೋಡಿದೆ. ಅಪ್ಪ ಫೋನು ಅವ್ವನ ಕೈಗೆ ಕೊಟ್ಟ.

ಮದುವೆಯಲ್ಲಿ ಊದುವುದಕ್ಕೆ ಅವನು ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಅವನ ಅಂಜಿಕೆ ನನಗೆ ಗೊತ್ತಿತ್ತು. ನಮ್ಮ ಕಡೆ ಖುಷಿಯಾದವರು ನೋಟು ತೆಗೆದು ಬಾರಿಸುವವನ ತಲೆಯ ಸುತ್ತ ಇಳಿಸಿ ಕಾಲ ಬುಡಕ್ಕೆ ಒಗೆಯುತ್ತಾರೆ, ಅವನು ಬಗ್ಗಿ ಎತ್ತಿಕೊಳ್ಳಬೇಕು. ಹಾಗೆ ಒಂದು ನೋಟು ಮಗನ ಕಾಲ ಬಳಿ ಬಿದ್ದರೆ, ಅಪ್ಪ ಅಷ್ಟು ವರ್ಷ ಬಿಚ್ಚಿದ ಗಾಲಿಗಳೆಲ್ಲ ನೀರಿನಲ್ಲಿ ಹೋದ ಹಾಗೆ.

ಪಲ್ಟನ್ನಿನ ಕಿಲ್ಟ್ ಹೊರಗೆ ಒಯ್ಯುವಂತಿಲ್ಲ. ಬಜಾರದ ದರ್ಜಿಯ ಹತ್ತಿರ ನನ್ನದೇ ಒಂದು ಹೊಲಿಸಿಕೊಂಡೆ. ಹಳೆಯ ಪೈಪ್ ಒಂದನ್ನು ಉಸ್ತಾದರೇ ಕೊಡಿಸಿದರು. ಮದುವೆಗೆಂದು ಹುಮನಾಬಾದಿಗೆ ಬಂದಿಳಿದಾಗ ಬೇಸಿಗೆ ಕಾದ ಹಂಚಿನಂತಿತ್ತು. ಆ ಬಿಸಿಲಲ್ಲಿ ಉಣ್ಣೆ ಉಟ್ಟು ಫಂಕ್ಷನ್ ಹಾಲಿನೊಳಗೆ ಕಾಲಿಟ್ಟರೆ, ನಮ್ಮ ಸೋದರತ್ತೆ ಮೇಲಿಂದ ಕೆಳಗೆ ನೋಡಿದಳು.

“ಯಾವ ಹುಡುಗೀದೋ ಇದು ಪರಕಾರ? ನಿನ್ನ ಹೆಣ್ಣಂತ ತಿಳದು ನೋಡಾಕ ಬರೋದ್ರಾಗ ಬಿಚ್ಚಿಡಪಾ.”

ಹೆಂಗಸರ ಸಾಲು ಸಾಲೇ ನಕ್ಕಿತು. ನಾನೂ ನಕ್ಕೆ.

ಬುದ್ಧವಂದನೆ ಮುಗಿಯಿತು, ಹಾರ ಹಾಕಿದರು. ನಾನು ಸುಜಾತಾಳ ಪಕ್ಕದಲ್ಲಿ ನಿಂತು ಚೀಲ ತುಂಬಿದೆ. ಮೊದಲನೇ ಸ್ವರಕ್ಕೇ ಎಲ್ಲರೂ ಈ ಕಡೆ ತಿರುಗಿದರು. ಆಮೇಲೆ ಶಿಳ್ಳೆ, ಕುಣಿತ. ನಮ್ಮ ಬೌದ್ಧ ಪದ್ಧತಿಯ ಬಿಳಿ ಸೀರೆಯಲ್ಲಿ ನಿಂತಿದ್ದ ನನ್ನ ತಂಗಿ ಮದುಮಗಳು ಅನ್ನುವುದನ್ನೇ ಮರೆತು ಚಪ್ಪಾಳೆ ಹೊಡೆಯುತ್ತಿದ್ದಳು. ಅಷ್ಟರಲ್ಲಿ ಗಂಡಿನ ಸೋದರಮಾವ ಕುಣಿಯುತ್ತ ಬಂದು, ಅಂಗಿಯ ಕಿಸೆಯಿಂದ ನೋಟು ತೆಗೆದು ನನ್ನ ತಲೆಯ ಸುತ್ತ ತಿರುಗಿಸತೊಡಗಿದರು. ನನ್ನ ಬಾಯಲ್ಲಿ ಗಾಳಿ ಊದುವ ನಳಿಗೆ. ಬೇಡ ಅನ್ನಲು ಬರುವುದಿಲ್ಲ. ಉಸಿರು ಬಿಟ್ಟರೆ ಪೈಪ್ ಕಿರುಚಿ ಸಾಯುತ್ತದೆ. ಕಣ್ಣಲ್ಲೇ ಅಪ್ಪನನ್ನು ಹುಡುಕಿದೆ.

ಅಪ್ಪ ಬಂದು ಅವರ ಮುಂಗೈ ಹಿಡಿದ. ಬಿಗಿಯಾಗಿ ಅಲ್ಲ, ಬೀಗರನ್ನು ಹಿಡಿಯುವ ಹಾಗೆ.

“ಬೀಗ್ರ, ಇಂವ ನನ್ನ ಮಗ ಅದಾನ್ರಿ. ಬಾರ್ಸಾಕ ಕರ್ಸಿದಾಂವಲ್ಲ.”

ಅವರು ಕಕ್ಕಾಬಿಕ್ಕಿಯಾಗಿ ನೋಟು ಮಡಚಿದರು. ಖುಷಿಗೆ ತೆಗೆದೆ, ತಪ್ಪು ತಿಳೀಬ್ಯಾಡ್ರಿ ಅಂದರು.

“ಖುಷಿ ಆಗಿದ್ರ ಕುಣೀರಿ,” ಅಂದ ಅಪ್ಪ.

ಅವರು ಕುಣಿದರು ನೋಡ್ರಿ, ಟೊಪ್ಪಿಗೆ ಬೀಳುವ ಹಾಗೆ! ಅಪ್ಪ ಕುಣಿಯಲಿಲ್ಲ. ರಾಗ ಮುಗಿಯುವ ತನಕ ನನ್ನ ಪಕ್ಕದಲ್ಲೇ ನಿಂತಿದ್ದ. ಊಟಕ್ಕೆ ನನ್ನನ್ನು ಕಿಲ್ಟಿನಲ್ಲೇ ಬೀಗರ ಪಂಕ್ತಿಯಲ್ಲಿ, ತನ್ನ ಮಗ್ಗುಲಿಗೆ ಕೂಡಿಸಿಕೊಂಡ. ಕೈ ತೊಳೆಯುವಾಗ ನನ್ನ ಕಡೆ ನೋಡದೆ ಹೇಳಿದ: “ಬಾರ್ಸೋದಕ್ಕ ನನ್ನ ಸಿಟ್ಟ ಇದ್ದಿಲ್ಲೋ. ಹೊರಗ ಕೂಡ್ರಸ್ತಾರಲ್ಲ, ಅದಕ್ಕ.”

ರಜೆ ಮುಗಿಸಿ ಗುಡ್ಡಕ್ಕೆ ವಾಪಸ್ ಬಂದಿದ್ದೇನೆ. ಇಲ್ಲಿ ನನ್ನನ್ನು ‘ಕರ್ನಾಟಕ’ ಅಂತ ಕರೆಯುತ್ತಾರೆ. ಊರಲ್ಲಿ ಕಾಕಾನ ಮಕ್ಕಳು ‘ಪಹಾಡಿ’, ಗುಡ್ಡದವನು, ಅನ್ನುತ್ತಾರೆ. ಎರಡಕ್ಕೂ ಓ ಅನ್ನುತ್ತೇನೆ. ಹೋದ ವಾರ ಹರೀಶ್ ದಾ, ಮೇಲಿನ ಹಳ್ಳಿಯ ದೊಡ್ಡವರೊಬ್ಬರ ಮನೆಯ ಮದುವೆಗೆ ತಮ್ಮ ಜೊತೆ ಊದಲು ಬಾ ಅಂತ ಕೇಳಿದರು. ಉಸ್ತಾದರು ರಜೆಯ ದಿನ ಹೋಗಿ ಬಾ ಅಂದರು. ಅಪ್ಪನಿಗೆ ಮುಚ್ಚಿಡಲು ಮನಸ್ಸಾಗಲಿಲ್ಲ, ಫೋನು ಹಚ್ಚಿದೆ.

“ಊಟಕ್ಕ ಎಲ್ಲಿ ಕೂಡ್ರಸ್ತಾರ?”

“ಹೊರಗ.”

“ಗೊತ್ತಿದ್ದೂ ಹೋಗ್ತೀ?”

“ಹೋಗ್ಲಿಲ್ಲಂದ್ರ ಅಂವ ಅಲ್ಲಿ ನಾ ಇಲ್ದನ ಕೂಡ್ತಾನಪಾ.”

ಹೈವೇ ಮೇಲೆ ಲಾರಿಗಳು ಹಾಯುವ ಸದ್ದು ಫೋನಿನಲ್ಲಿ ಇಲ್ಲಿಯ ತನಕ ಕೇಳುತ್ತಿತ್ತು. ಬಯ್ಯುತ್ತಾನೆ ಅಂತ ಕಾದೆ. ಅವನು ಬೇರೆಯದೇ ಕೇಳಿದ: ಆ ಹರೀಶ್ ದಾನ ಮಕ್ಕಳು ಸಾಲಿ ಕಲಿಯಾಕ ಹೋಗ್ತಾವೇನು?

ನನಗೆ ಗೊತ್ತಿರಲಿಲ್ಲ. ಕೇಳಿ ಹೇಳ್ತೀನಿ ಅಂದೆ.