ಹುಟ್ಟಿದ ಮೇಲೆ ಮುಚ್ಚಿಕೊಂಡ ಜೀನ್

‘ಗುಳಿಗಿ ಬಂದ್ ಮಾಡಿಬಿಡ್ತೀನ್ರಿ ಅಕ್ಕಾರ.’

ಪಕ್ಕದ ಮನೆಯ ಜರೀನಾ ಹೊಲಿಗೆ ಮಷಿನ್ ನಿಲ್ಲಿಸಿ ಹೀಗಂದಳು. ಇದು ಮಳೆಗಾಲದ ಮಾತು. ಅವಳ ಮಗಳು ಮುಸ್ಕಾನ್‌ಗೆ ಸಿಕಲ್ ಸೆಲ್ ಕಾಯಿಲೆ. ರಕ್ತದ ಕೆಂಪು ಕಣಗಳು ದುಂಡಗಿರುವುದು ಬಿಟ್ಟು ಕುಡಗೋಲಿನಂತೆ ಬಾಗುತ್ತವೆ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಆಮೇಲೆ ನೋವು. ಎಂಥ ನೋವು ಅಂತೀರಿ? ಹಿಂದಿನ ಚಳಿಗಾಲದಲ್ಲಿ ಆ ಮೂರನೇ ಕ್ಲಾಸಿನ ಹುಡುಗಿ ಮೊಣಕಾಲಿಗೆ ಹೊದಿಕೆ ತಾಗಿದರೂ ಚೀರುತ್ತಿದ್ದಳು. ಗಂಗಾವತಿಯ ನಮ್ಮ ಓಣಿಗೆಲ್ಲ ಕೇಳಿಸುತ್ತಿತ್ತು.

ಕೊಪ್ಪಳದ ಡಾಕ್ಟರು ದಿನಾ ಒಂದು ಮಾತ್ರೆ ಶುರು ಮಾಡಿದ್ದರು. ತಿಂಗಳುಗಳೇ ಕಳೆದರೂ ಫರಕ್ ಕಾಣಲಿಲ್ಲ. ಡೋಸ್ ಹೆಚ್ಚಿಸೋಣ ಅಂದರು. ನವಲಿಯಿಂದ ಬಂದ ಅವಳ ಅತ್ತೆ, ‘ಉಪಯೋಗ ಇಲ್ಲದ್ದನ್ನ ಇನ್ನಷ್ಟ್ ಯಾಕ ನುಂಗಸ್ತಿ?’ ಅಂತ ಹೆದರಿಸಿದ್ದರು. (ತಪ್ಪೇನು ಹೇಳಿ? ನಾನಾಗಿದ್ದರೂ ಹಾಗೇ ಕೇಳುತ್ತಿದ್ದೆ.)

ಪುಣ್ಯಕ್ಕೆ ನನ್ನ ತಂಗಿಯ ಮಗಳು ಪಲ್ಲವಿ ರಜೆಗೆ ಬಂದಿದ್ದಳು. ಧಾರವಾಡದಲ್ಲಿ ಗಣಿತದ ರಿಸರ್ಚ್. ಜೀವಕೋಶ ತನ್ನ ಜೀನ್‌ಗಳನ್ನು ಹೇಗೆ ಆನ್-ಆಫ್ ಮಾಡುತ್ತದೆ ಅನ್ನುವುದಕ್ಕೆ ಸಮೀಕರಣ ಬರೆಯುತ್ತಾಳೆ. ‘ಕೋಶಕ್ಕೂ ಲೆಕ್ಕ ಬರ್ತೈತೇನ?’ ಅಂತ ನಾನು ಕಾಡಿಸುತ್ತಿದ್ದೆ. ಅವತ್ತು ಆಕೆ ಜರೀನಾಳ ಪಕ್ಕ ಹೋಗಿ ಕೂತಳು.

‘ಅಕ್ಕಾ, ಮುಸ್ಕಾನ್ ನಿಮ್ಮ ಹೊಟ್ಟ್ಯಾಗಿದ್ದಾಗ ಆಕಿ ರಕ್ತದಾಗ ಬ್ಯಾರೆ ಹಿಮೋಗ್ಲೋಬಿನ್ ಇತ್ತು. ಅದು ಛಲೋದು, ಕಣ ಬಾಗಂಗಿಲ್ಲ. ಹುಟ್ಟಿದ ಮ್ಯಾಲೆ ಮೈ ಅದರ ಜೀನ್ ಆಫ್ ಮಾಡಿ ಇನ್ನೊಂದನ್ನ ಆನ್ ಮಾಡ್ತೈತಿ. ಆಕಿಗೆ ಕೆಟ್ಟಿರೋದು ಆ ಇನ್ನೊಂದು.’

‘ಮೊದಲಿಂದು ಹೋಗೇಬಿಡ್ತೇನ್ರಿ?’

‘ಎಲ್ಲಿ ಹೋಗ್ತೈತ್ರಿ? ಅಲ್ಲೇ ಐತಿ, ಮುಚ್ಚಿಕೊಂಡು. ಈ ಗುಳಿಗಿ ಅದನ್ನ ತೆರಿಯಾಕ ನೋಡ್ತೈತಿ.’

ಜರೀನಾ ಬಾಯಿ ಮೇಲೆ ಕೈ ಇಟ್ಟುಕೊಂಡಳು. ನಾನೂ.

ಪಲ್ಲವಿ ಹೊಲಿಗೆಯ ಸೀಮೆಸುಣ್ಣ ತಗೊಂಡು ಕಪ್ಪು ಬಟ್ಟೆಯ ತುಂಡಿನ ಮೇಲೆ ಗೆರೆ ಎಳೆದಳು. ಬಹಳ ದೂರ ಸಪಾಟ. ಆಮೇಲೆ ಸರಕ್ಕನೆ ಮೇಲಕ್ಕೆ. ಡೋಸ್ ಕಡಿಮೆಯಿದ್ದು, ಜೀನನ್ನು ಮುಚ್ಚಿ ಹಿಡಿದ ಪ್ರೋಟೀನ್‌ಗಳ ಹಿಡಿತ ಸ್ವಲ್ಪವೇ ಸಡಿಲಾದರೆ ಏನೂ ಆಗುವುದಿಲ್ಲವಂತೆ. ಒಂದು ಹಂತ ದಾಟಿದರೆ ಒಮ್ಮೆಲೇ ತೆರೆಯಬಹುದಂತೆ. ಅದೂ ಒಂದು ಕೋಶದಲ್ಲಿ ತೆರೆದು, ಪಕ್ಕದ್ದರಲ್ಲಿ ಮುಚ್ಚಿಯೇ ಇರಬಹುದು. ಆ ಅದೃಷ್ಟದಾಟಕ್ಕೂ ಸಮೀಕರಣದಲ್ಲಿ ಜಾಗ ಇದೆಯಂತೆ!

‘ನಮ್ಮಾಕಿದು ಯಾವಾಗ ತೆರಿತೈತ್ರಿ?’ ಜರೀನಾ ಕೇಳಿದಳು.

‘ಅದು ನನ್ನ ಲೆಕ್ಕಕ್ಕ ಗೊತ್ತಾಗಂಗಿಲ್ರಿ ಅಕ್ಕಾ. ತೆರಿತೈತಿ ಅಂತ ಖಾತ್ರಿನೂ ಹೇಳಂಗಿಲ್ಲ. ಡಾಕ್ಟರ್ನ ಕೇಳ್ರಿ. ಆದ್ರ ಗೆರಿ ಇನ್ನೂ ಸಪಾಟ ಐತಿ ಅಂತ ಇಲ್ಲೇ ಬಿಟ್ಟುಬಿಡಬ್ಯಾಡ್ರಿ.’

ಮರುದಿನ ಜರೀನಾ ಕೊಪ್ಪಳದ ಬಸ್ ಹತ್ತಿದಳು. ಡಾಕ್ಟರು ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತ ಡೋಸ್ ನಿಧಾನಕ್ಕೆ ಏರಿಸಿದರು. ಚಳಿ ಬಂತು. ಅವಳು ಆ ಗೋಡೆಯ ಕಡೆ, ನಾನು ಈ ಗೋಡೆಯ ಕಡೆ, ದಿನಾ ಕಿವಿಗೊಟ್ಟು ಕೂತೆವು. ಒಮ್ಮೆ ಕಾಲುನೋವು ಬಂತು, ಬೇಗ ಹೋಯಿತು. ಅಷ್ಟೇ.

ಕಳೆದ ವಾರ ರಿಪೋರ್ಟ್ ಬಂದಿದೆ. ಹೊಟ್ಟೆಯಲ್ಲಿದ್ದಾಗಿನ ಹಿಮೋಗ್ಲೋಬಿನ್ ಏರಿದೆ! ಕಾಯಿಲೆ ಹೋಗಿಲ್ಲ, ಮಾತ್ರೆ ನಿಲ್ಲಿಸುವಂತಿಲ್ಲ. ಆದರೂ ಜರೀನಾ ಚಪ್ಪಲಿ ಬಿಡುವುದನ್ನೂ ಮರೆತು ನನ್ನ ಅಡುಗೆಮನೆಗೆ ಓಡಿಬಂದಳು. ‘ತೆರದೈತ್ರಿ ಅಕ್ಕಾರ!’ ಅಂದವಳೇ ಅತ್ತುಬಿಟ್ಟಳು. ಹೊರಗೆ ಮುಸ್ಕಾನ್ ಕುಂಟಾಬಿಲ್ಲೆ ಆಡುತ್ತಿದ್ದಳು.

ಹುಟ್ಟುವ ಮೊದಲು ಈ ಮೈಗೆ ಬರುತ್ತಿದ್ದ ಇನ್ನೆಷ್ಟು ವಿದ್ಯೆ ನಮ್ಮೊಳಗೆ ಸುಮ್ಮನೆ ಮಲಗಿದೆಯೋ?