ಎಡ ಮೂಲೆಯ ಹಲಗೆ

ನಮ್ಮೂರಿನ ದೊಡ್ಡ ಕ್ರೀಡಾಂಗಣಕ್ಕೆ ಸ್ವಂತ ಬುದ್ಧಿ ಎಂಬುದಿಲ್ಲ. ಹಾಡುವವರು ಬಂದರೆ ಗಾನಮಂದಿರ, ಹೂಕುಂಡ ತಂದಿಟ್ಟರೆ ತೋಟ, ಚೆಂಡು ತಂದರೆ ಬ್ಯಾಸ್ಕೆಟ್‌ಬಾಲ್ ಅಂಗಳ. ಮೂರನೇ ಗೇಟಿನ ಪಕ್ಕ ತಿಂಡಿ ಅಂಗಡಿ ಇಟ್ಟ ನನಗೆ ಯಾವುದಾದರೂ ಸರಿಯೇ; ಹಸಿವಿಗೆ ಅಭಿರುಚಿ ಇಲ್ಲ.

ಈ ವೇಷ ಬದಲಿಸುವ ಕೆಲಸ ಹಲಗೆ ಮಾಮನದು. ಆಟವಿದ್ದಾಗ ಇನ್ನೂರು ಚಿಲ್ಲರೆ ಮರದ ಹಲಗೆಗಳನ್ನು ಒಂದಕ್ಕೊಂದು ಕೊಕ್ಕೆ ಹಾಕಿ ಸಿಮೆಂಟು ನೆಲದ ಮೇಲೆ ಹಾಸಬೇಕು, ಮುಗಿದ ಮೇಲೆ ಕಿತ್ತಿಡಬೇಕು. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿ, ಹಿಮ್ಮಡಿಯಿಂದ ನೆಲ ತಟ್ಟಿ ಸದ್ದು ಕೇಳದೆ ಮುಂದಿನ ಹೆಜ್ಜೆ ಇಡುವುದೇ ಅವನಿಗೆ ಮರೆತುಹೋಗಿದೆ. ನನ್ನ ಅಂಗಡಿಯ ಮುಂದೆಯೂ ತಟ್ಟುತ್ತಾನೆ. ಅಲ್ಲಿರುವುದು ಬರೀ ಕಲ್ಲು.

ಆ ಭಾನುವಾರದ ಫೈನಲ್‌ನಲ್ಲಿ ಅವನ ಮಗಳು ಆಡುವವಳಿದ್ದಳು. ದೊಡ್ಡ ತಂಡಕ್ಕೆ ಆರಿಸುವವರು ಬರುತ್ತಿದ್ದರು. ವಯಸ್ಸಿನ ಲೆಕ್ಕದಲ್ಲಿ ಅವಳಿಗೆ ಇದೇ ಕೊನೆಯ ಅವಕಾಶ. ಎಡ ಮೂಲೆಯಿಂದ ಅವಳು ಎಸೆದದ್ದು ಒಳಗೆ ಬೀಳದಿದ್ದರೆ ಅದು ಬುಟ್ಟಿಯದೇ ತಪ್ಪು ಅನ್ನಬೇಕು, ಅಂಥ ಗುರಿ.

ಬೆಳಿಗ್ಗೆಯಷ್ಟೇ ಹೂವಿನ ಪ್ರದರ್ಶನದವರು ಎಲ್ಲೆಂದರಲ್ಲಿ ನೀರು ಚೆಲ್ಲಿ ಜಾಗ ಖಾಲಿ ಮಾಡಿದ್ದರು.

"ಸಾರ್, ಎಡ ಮೂಲೆ ಕೆಳಗೆ ಇನ್ನೂ ತೇವ ಇದೆ. ಒಂದು ದಿನ ಒಣಗ್ಲಿ. ಮರ ಉಬ್ಬಿ ಹಲಗೆ ಎದ್ರೆ ಕಾಲು ಮುರಿಯುತ್ತೆ" ಎಂದ ಹಲಗೆ ಮಾಮ.

ಮ್ಯಾನೇಜರ್ ನಕ್ಕರು. "ಟಿಕೆಟ್ ಮಾರಾಗಿದೆ ಮಾಮ. ನಿಮ್ಮ ಹಲಗೆಗೆ ಸ್ವಲ್ಪ ಬುದ್ಧಿ ಹೇಳಿ."

ಹಲಗೆ ಬುದ್ಧಿ ಕೇಳುವುದಿಲ್ಲ. ಮಗಳು ಕೇಳುತ್ತಾಳೆ. ಅವಳನ್ನು ನನ್ನ ಅಂಗಡಿಯ ಮುಂದೆಯೇ ಹಿಡಿದ.

"ಪುಟ್ಟೀ, ಇವತ್ತು ಆ ಎಡ ಮೂಲೆ ಕಡೆ ತಲೆ ಹಾಕ್ಬೇಡ."

"ಅಪ್ಪಾ, ನಾನು ಎಸೆಯೋದೇ ಅಲ್ಲಿಂದ!"

"ಬೇರೆ ಕಡೆಯಿಂದ ಎಸಿ. ನೆಲ ಹಾಸ್ದೋನು ನಾನು, ನೀನಲ್ಲ."

ಆಟ ಶುರುವಾಯಿತು. ಚೆಂಡು ಎಡ ಮೂಲೆಗೆ ಬಂದಾಗಲೆಲ್ಲ ಅವಳು ಹಿಂದೆ ಸರಿದಳು. "ಏನಮ್ಮಾ, ಅಲ್ಲೇನು ಹಾವು ಮಲಗಿದ್ಯಾ?" ಎಂದು ಕೋಚ್ ಕೂಗಿದರು. ಐದನೇ ಸಲಕ್ಕೆ ಅವಳನ್ನು ಬೆಂಚಿಗೆ ಕಳಿಸಿ ಬದಲಿ ಹುಡುಗಿಯನ್ನು ಇಳಿಸಿದರು. ಆ ಹುಡುಗಿಯೋ ಎಡ ಮೂಲೆಯಲ್ಲೇ ಬಿಡಾರ ಹೂಡಿದಳು. ಓಡಿದಳು, ಹಾರಿದಳು, ಧೊಪ್ಪೆಂದು ಇಳಿದಳು. ಹಲಗೆ ಕೂದಲೆಳೆಯಷ್ಟೂ ಮಿಸುಕಲಿಲ್ಲ.

ಹಲಗೆ ಮಾಮ ಗೇಟಿನ ಕಂಬಿ ಹಿಡಿದು ನಿಂತಿದ್ದ. ಮೊದಮೊದಲು ಆ ಹುಡುಗಿ ಹಾರಿದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದ. ಆಮೇಲೆ ಮುಚ್ಚುವುದನ್ನು ಬಿಟ್ಟ.

"ಏಳ್ಬೇಕಿತ್ತಲ್ಲ..." ಎಂದು ಗೊಣಗಿದ.

"ಎದ್ರೆ ಆ ಮಗು ಕಾಲು ಹೋಗುತ್ತಲ್ಲೋ ಮಾರಾಯ!" ಎಂದೆ.

ಅರ್ಧ ಆಟದ ಬಿಡುವಿನಲ್ಲಿ ಓಡಿಹೋಗಿ, ತಪ್ಪು ನೆಲ ಹಾಸಿದ ತನ್ನದು, ಮಗಳದಲ್ಲ ಎಂದು ಕೋಚ್‌ಗೆ ಹೇಳಿದ. "ಯಾಕೆ ಮಾಮ, ನೆಲ ಬಹಳ ಚೆನ್ನಾಗಿ ಹಾಸಿದ್ದೀರಲ್ಲ!" ಎಂದು ಅವರು ಬೆನ್ನು ತಟ್ಟಿ ಕಳಿಸಿದರು.

ಆರಿಸುವವರು ಬದಲಿ ಹುಡುಗಿಯ ಹೆಸರು ಬರೆದುಕೊಂಡು ಹೋದರು. ಜನ ಚದುರಿದ ಮೇಲೆ ಮಗಳು ಬಂದಳು.

"ಹಲಗೆ ಎದ್ದಿತ್ತಾ ಅಪ್ಪಾ?"

"ಇಲ್ಲ ಪುಟ್ಟಿ."

"ಸ್ವಲ್ಪನೂ?"

"ಸ್ವಲ್ಪನೂ ಇಲ್ಲ."

ಅವಳು ಚೀಲ ಹೆಗಲಿಗೇರಿಸಿ ಬಸ್ಸಿನ ಕಡೆ ನಡೆದಳು. ಅವನು ಹಿಂದೆ ಹೋಗುವಂತಿರಲಿಲ್ಲ. ಮರುದಿನದ ಹಾಡಿನ ವೇದಿಕೆಗೆ ನೆಲ ಕಿತ್ತು ಕೊಡಬೇಕಿತ್ತು. ಮ್ಯಾನೇಜರ್ ಆಗಲೇ ಗಡಿಯಾರ ನೋಡುತ್ತಿದ್ದರು.